ಡಿಕ್ರಿ ಹುಬ್ಬಳ್ಳಿಯಲ್ಲಿ, ಸಂಬಳ ಪುಣೆಯಲ್ಲಿ

ವಿಚ್ಛೇದನ ಸಿಕ್ಕಿದೆ, ಜೀವನಾಂಶವೂ ನಿಗದಿಯಾಗಿದೆ. ಹಣ ಮಾತ್ರ ಬರುತ್ತಿಲ್ಲ. ಪುಣೆಯಲ್ಲಿ ವಕೀಲಿ ಮಾಡುವ ನನಗೆ ಊರಿನ ಕಡೆಯಿಂದ ಬರುವ ಫೋನುಗಳಲ್ಲಿ ಈ ದೂರು ಪದೇ ಪದೇ ಕೇಳಿಸುತ್ತದೆ. ತೀರ್ಪು ಹುಬ್ಬಳ್ಳಿಯದೋ ಕಲಬುರಗಿಯದೋ ಆಗಿರುತ್ತದೆ. ಹಣ ಕೊಡಬೇಕಾದ ಮಾಜಿ ಪತಿ ಇಲ್ಲಿ ಹಿಂಜವಡಿಯ ಕಂಪನಿಯಲ್ಲಿರುತ್ತಾನೆ.

ಹಾಗೆಂದು ಕಾನೂನು ದುರ್ಬಲವಲ್ಲ. ಹಿಂದೂ ವಿವಾಹ ಕಾಯ್ದೆಯ 28ಎ ಕಲಂ ಪ್ರಕಾರ, ಶಾಶ್ವತ ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಸಾಲದ ಡಿಕ್ರಿಯಾದರೆ ಸಂಬಳದ ಮೊದಲ 1,000 ರೂಪಾಯಿ ಹಾಗೂ ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಲ್ಲಿ ಆ ರಕ್ಷಣೆ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ.

ತೊಡಕಿರುವುದು ನ್ಯಾಯಾಲಯದ ವ್ಯಾಪ್ತಿಯಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 48ನೇ ನಿಯಮದಂತೆ, ಸರ್ಕಾರಿ ನೌಕರ ದೇಶದ ಯಾವ ಮೂಲೆಯಲ್ಲಿದ್ದರೂ ಹುಬ್ಬಳ್ಳಿಯ ನ್ಯಾಯಾಲಯವೇ ಅವನ ಸಂಬಳ ಜಪ್ತಿ ಮಾಡಬಹುದು. ಖಾಸಗಿ ನೌಕರರಿಗೆ ಅನ್ವಯಿಸುವುದು 48ಎ. ಅದರಂತೆ ಸಂಬಳ ಬಟವಾಡೆ ಮಾಡುವ ಅಧಿಕಾರಿ ಆ ನ್ಯಾಯಾಲಯದ ವ್ಯಾಪ್ತಿಯೊಳಗೇ ಇರಬೇಕು. ಇಲ್ಲದಿದ್ದರೆ ಡಿಕ್ರಿಯನ್ನು ಪುಣೆಗೆ ವರ್ಗಾಯಿಸಿಕೊಂಡು ಇಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕು. ಅಷ್ಟರಲ್ಲಿ ಆತ ಹೈದರಾಬಾದಿನ ಕಂಪನಿಗೆ ಸೇರಿದರೆ ಮತ್ತೆ ಮೊದಲಿನಿಂದ ಓಡಾಟ. ವಕೀಲರ ಫೀಸು, ರೈಲು ಖರ್ಚು, ರಜೆ ಎಲ್ಲವೂ ಹಣ ಬರಬೇಕಾದವಳ ತಲೆಗೇ.

48ಎ ನಿಯಮ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಎರಡು ವರ್ಷಕ್ಕೊಮ್ಮೆ ಕಂಪನಿಯನ್ನೂ ಊರನ್ನೂ ಬದಲಿಸುವ ನಮ್ಮಂಥವರ ಬದುಕು ಆಗ ಇಷ್ಟು ಸಾಮಾನ್ಯವಾಗಿರಲಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದಕ್ಕಿಂತ ಉದಾರ. ಅದರ 144ನೇ ಕಲಂ ಅಡಿಯ ಮಾಸಿಕ ಜೀವನಾಂಶದ ಆದೇಶವನ್ನು, 147ನೇ ಕಲಂ ಪ್ರಕಾರ, ಕೊಡಬೇಕಾದವನು ಇರುವ ಊರಿನ ಮ್ಯಾಜಿಸ್ಟ್ರೇಟರೇ ಜಾರಿ ಮಾಡಬಹುದು. ಆದರೆ ಬಾಕಿ ವಸೂಲಿಯ ವಾರಂಟಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಮರೆಯಬಾರದು.

ಸಂಸತ್ತು ಮಾಡಬೇಕಾದ ತಿದ್ದುಪಡಿ ಚಿಕ್ಕದು. ಜೀವನಾಂಶದ ಮಟ್ಟಿಗೆ ಖಾಸಗಿ ಸಂಬಳವನ್ನೂ 48ನೇ ನಿಯಮದ ಸಾಲಿಗೆ ತರಬೇಕು, ನೌಕರಿ ಬದಲಾದರೆ ಹೊಸ ಕಂಪನಿಯ ವಿವರವನ್ನು ನ್ಯಾಯಾಲಯಕ್ಕೆ ತಿಳಿಸುವ ಹೊಣೆಯನ್ನು ಹಣ ಕೊಡಬೇಕಾದವನ ಮೇಲೆ ಹೊರಿಸಬೇಕು. ದೂರದ ಕಂಪನಿಗೆ ಆಕ್ಷೇಪಣೆ ಹೇಳಲು ಅವಕಾಶವಿರಲಿ. ಅದಕ್ಕೆ ವಿಡಿಯೊ ವಿಚಾರಣೆ ಸಾಕು. ಸಂಬಳ ಊರೂರು ದಾಟಿ ಖಾತೆಗೆ ಬೀಳುವ ಕಾಲದಲ್ಲಿ ಜಪ್ತಿ ಆದೇಶ ಮಾತ್ರ ಜಿಲ್ಲೆಯ ಗಡಿಯಲ್ಲಿ ನಿಲ್ಲಬಾರದು.