ಸಂಗ್ರಹದ ಗೆರೆಯನ್ನು ಇಬ್ಬರೂ ಕೂಡಿ ಎಳೆಯಬೇಕು

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲದ ಬೆಲೆ ಬದಲಾಯಿತು. ಬೆಲೆಯೊಡನೆ ಮನೆಗಳ ಬದುಕೂ ಬದಲಾಯಿತು. ರಾಗಿ, ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ನೆಲದಲ್ಲಿ ಬಡಾವಣೆಗಳೆದ್ದವು. ಹೊಸಕೋಟೆ, ನೆಲಮಂಗಲಗಳಲ್ಲಿ ಕಾರ್ಖಾನೆಗಳೂ ಗೋದಾಮುಗಳೂ ಬಂದವು. ಮಗ್ಗದ ಸದ್ದಿಗೆ ಹೆಸರಾದ ದೊಡ್ಡಬಳ್ಳಾಪುರದಲ್ಲಿಯೂ ತಿಂಗಳ ಸಂಬಳವನ್ನು ನೆಚ್ಚಿದ ಮನೆಗಳು ಹೆಚ್ಚಿದವು. ಖರ್ಚು ಕಳೆದು ನಾಲ್ಕು ಕಾಸು ಕೈಯಲ್ಲಿ ಉಳಿಯತೊಡಗಿದಾಗ ಹವ್ಯಾಸಗಳು ಹುಟ್ಟುವುದು ಸಹಜ.

ಒಬ್ಬರು ಹಳೆಯ ಎಚ್‌ಎಂಟಿ ಕೈಗಡಿಯಾರಗಳನ್ನು ಹುಡುಕಿ ಕೂಡಿಸುತ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಹಳೆಯ ಮಾದರಿಗಳಿಗೆ ಹುಡುಕಾಟ ಇನ್ನೂ ಹೆಚ್ಚಾಯಿತು. ಇನ್ನೊಬ್ಬರು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ತಂದು ರಿಪೇರಿ ಮಾಡಿಸಿ ಮನೆಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಮತ್ತೊಬ್ಬರಿಗೆ ಹಳೆಯ ನಾಣ್ಯಗಳ ಮೋಹ. ಬೀರು ತುಂಬಿದ ಮೇಲೂ ರೇಷ್ಮೆ ಸೀರೆ ಕೊಳ್ಳುವುದು ನಿಲ್ಲದ ಮನೆಗಳೂ ಉಂಟು. ಹವ್ಯಾಸ ಒಬ್ಬರದು, ಹಣ ಮಾತ್ರ ಇಬ್ಬರದು. ಎಷ್ಟೋ ದಂಪತಿಗಳ ನಡುವೆ ಮಾತು ಮುರಿಯುವುದು ಈ ಜಾಗದಲ್ಲಿಯೇ.

ಹವ್ಯಾಸವೇ ಪಾಪವೆಂದು ಜೈನಧರ್ಮ ಹೇಳುವುದಿಲ್ಲ. ಒಂದು ನಾಣ್ಯದ ಕಾಲವನ್ನು ಗುರುತಿಸಲು ಓದು ಬೇಕು, ನಿಂತ ಗಡಿಯಾರವನ್ನು ನಡೆಸಲು ತಾಳ್ಮೆ ಬೇಕು. ಇವು ಒಳ್ಳೆಯ ಗುಣಗಳೇ. ಧರ್ಮವು ಕೇಳುವ ಪ್ರಶ್ನೆ ಬೇರೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ತೂಕವನ್ನಾಗಲಿ ಬೆಲೆಯನ್ನಾಗಲಿ ಹಿಡಿಯಲಿಲ್ಲ. ವಸ್ತುವಿನ ಮೇಲಣ ಮೂರ್ಛೆಯನ್ನು ಹಿಡಿದರು. ಮೂರ್ಛೆಯೆಂದರೆ ಎಚ್ಚರ ತಪ್ಪಿದ ಮಮತೆ. ಅದನ್ನು ಪರೀಕ್ಷಿಸಲು ಶಾಸ್ತ್ರಪಾಂಡಿತ್ಯ ಬೇಕಿಲ್ಲ. ಆಡುವ ಮಗುವಿನ ಕೈಯಿಂದ ಅಪರೂಪದ ಗಡಿಯಾರ ಜಾರಿ ಬಿದ್ದರೆ ತಂದೆಯ ಕಣ್ಣು ಮೊದಲು ಹೋಗುವುದು ಮಗುವಿನ ಕಾಲ್ಬೆರಳಿಗೋ, ಗಡಿಯಾರದ ಗಾಜಿಗೋ? ಆ ಒಂದು ಕ್ಷಣವೇ ಉತ್ತರವನ್ನು ಹೇಳಿಬಿಡುತ್ತದೆ.

ಮುನಿಗೆ ಸರ್ವಪರಿಗ್ರಹತ್ಯಾಗ. ಗೃಹಸ್ಥನಿಗೆ ಅದು ಶಕ್ಯವಲ್ಲವೆಂದು ಬಲ್ಲ ಆಚಾರ್ಯರು ಅವನಿಗಾಗಿ ಪರಿಗ್ರಹಪರಿಮಾಣವೆಂಬ ಅಣುವ್ರತವನ್ನು ವಿಧಿಸಿದರು. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರೂ ಇದೆ. ವಸ್ತುವಿಗೆ ಮಾತ್ರ ಮಿತಿ ಹಾಕಿದರೆ ಸಾಲದು, ಬಯಕೆಗೇ ಮಿತಿ ಹಾಕಬೇಕೆಂಬ ಸೂಕ್ಷ್ಮ ಆ ಹೆಸರಿನಲ್ಲಿಯೇ ಅಡಗಿದೆ. ಈ ವ್ರತವನ್ನು ಕೆಡಿಸುವ ಐದು ಅತಿಚಾರಗಳನ್ನೂ ಅವರು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಎತ್ತು, ಗಾಡಿ, ಧಾನ್ಯಗಳ ವ್ಯಾಪಾರದ ಕಾಲದಲ್ಲಿ ಎಣಿಸಿದ ಈ ದೋಷಗಳು ಇಂದಿನ ಸಂಗ್ರಹಕಾರನಿಗೂ ಹೊಂದುತ್ತವೆ. ಇರುವುದು ಸಾಲದೆಂದು ಕೂಡಿಡುತ್ತಲೇ ಹೋಗುವುದು ಅತಿಸಂಗ್ರಹ. ಪರರ ಸಿರಿಯನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ವಿಸ್ಮಯ. ತನಗೆ ಸಿಗದ ಮಾದರಿ ಇನ್ನೊಬ್ಬನ ಕೈಸೇರಿದ ಚಿತ್ರವನ್ನು ಮೊಬೈಲಿನಲ್ಲಿ ಕಂಡು ರಾತ್ರಿ ನಿದ್ದೆಗೆಟ್ಟವನಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತಿನ ಮೇಲೆ ತಾಳಲಾರದ ಭಾರ ಹೇರುವುದು ಅತಿಭಾರವಹನ. ಇಂದು ಆ ಭಾರವನ್ನು ಹೊರುವುದು ಸಾಲದ ಕಂತು ಕಟ್ಟುವ ಸಂಸಾರ.

ಮನೆಯೊಳಗೆ ಇದಕ್ಕಿಂತ ದೊಡ್ಡ ಹಾನಿಯನ್ನು ಮಾಡುವುದು ಮುಚ್ಚುಮರೆ. ಎಂಟು ಸಾವಿರಕ್ಕೆ ಕೊಂಡದ್ದನ್ನು ಎರಡು ಸಾವಿರವೆನ್ನುವುದು, ಮನೆಗೆ ಬರಬೇಕಾದ ಪಾರ್ಸೆಲನ್ನು ಕಚೇರಿಯ ವಿಳಾಸಕ್ಕೆ ತರಿಸುವುದು, ಹೊಸ ಸೀರೆಯನ್ನು ತವರಿನವರು ಕೊಟ್ಟದ್ದೆನ್ನುವುದು, ಮಕ್ಕಳ ಶುಲ್ಕಕ್ಕೆಂದು ತೆಗೆದಿಟ್ಟ ಹಣವನ್ನು ‘ಮುಂದಿನ ತಿಂಗಳು ತುಂಬಿದರಾಯಿತು’ ಎಂದು ಬಳಸುವುದು. ಹೊರಗಿನವರಿಗೆ ಇವು ನಗುವ ಸಂಗತಿಗಳು. ವ್ರತದ ದೃಷ್ಟಿಯಿಂದ ನೋಡಿದರೆ ಒಂದು ವಸ್ತುವಿನ ಹಿಂದೆ ಎಷ್ಟು ವ್ರತಗಳು ಜಾರುತ್ತವೆ! ಬೆಲೆಯನ್ನು ಮರೆಮಾಚಿದಲ್ಲಿ ಸತ್ಯಾಣುವ್ರತ ಸಡಿಲವಾಯಿತು. ಇಬ್ಬರಿಗೂ ಸೇರಿದ ಹಣವನ್ನು ಒಬ್ಬರಿಗೆ ತಿಳಿಯದಂತೆ ತೆಗೆದಲ್ಲಿ ಅಚೌರ್ಯ ಸಡಿಲವಾಯಿತು. ಗುಟ್ಟು ರಟ್ಟಾದ ದಿನ ಬಾಳಸಂಗಾತಿಯ ಮನಸ್ಸಿಗೆ ಆಗುವ ಗಾಯ ಹಿಂಸೆಯೇ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯ, ಚೌರ್ಯ, ಪರಿಗ್ರಹಗಳೆಲ್ಲ ಕೊನೆಗೆ ಹಿಂಸೆಯ ರೂಪಗಳೇ ಎಂದು ತೋರಿಸಿದ್ದು ಇದಕ್ಕಾಗಿಯೇ. ಗಂಡ ಕೊಂಡ ವಸ್ತುವಿನ ಬೆಲೆಗಾಗಿ ಹೆಂಡತಿ ಅತ್ತದ್ದು ಕಡಿಮೆ. ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಅತ್ತದ್ದೇ ಹೆಚ್ಚು.

ಹಾಗಾದರೆ ಗೆರೆಯನ್ನು ಎಳೆಯುವವರು ಯಾರು? ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನ ವೃತ್ತಾಂತ ಇದಕ್ಕೆ ದಾರಿ ತೋರಿಸುತ್ತದೆ. ವಾಣಿಜ್ಯಗ್ರಾಮದ ಆನಂದ ಸಣ್ಣ ಗೃಹಸ್ಥನಲ್ಲ. ನಾಲ್ಕು ಕೋಟಿ ಹೊನ್ನು ಬೊಕ್ಕಸದಲ್ಲಿ, ನಾಲ್ಕು ಕೋಟಿ ವ್ಯಾಪಾರದಲ್ಲಿ, ನಾಲ್ಕು ಕೋಟಿ ಮನೆವಾರ್ತೆಯಲ್ಲಿ. ತಲಾ ಹತ್ತು ಸಾವಿರ ಹಸುಗಳ ನಾಲ್ಕು ಗೋಕುಲಗಳು. ಭಗವಾನ್ ಮಹಾವೀರರ ಉಪದೇಶವನ್ನು ಕೇಳಿದ ಅವನು ಎಲ್ಲವನ್ನೂ ತೊರೆದು ಹೊರಡಲಿಲ್ಲ. ಇರುವುದು ಇಷ್ಟು, ಇದಕ್ಕಿಂತ ಹೆಚ್ಚು ತನಗೆ ಬೇಡ ಎಂದು ನಿಂತಲ್ಲಿಯೇ ಗೆರೆ ಎಳೆದುಕೊಂಡ. ಮನೆಗೆ ಬಂದವನು ಅದನ್ನು ಪತ್ನಿ ಶಿವಾನಂದೆಗೆ ಹೇಳಿದ. ಆಕೆಯೂ ಭಗವಂತರ ಸನ್ನಿಧಿಗೆ ಹೋಗಿ ಶ್ರಾವಿಕಾವ್ರತಗಳನ್ನು ಸ್ವೀಕರಿಸಿದಳು. ಗಂಡ ಹೆಂಡತಿಯ ಬಯಕೆಗೆ ಗೆರೆ ಎಳೆಯಲಿಲ್ಲ, ಹೆಂಡತಿ ಗಂಡನ ಬಯಕೆಗೆ ಗೆರೆ ಎಳೆಯಲಿಲ್ಲ. ಇಬ್ಬರೂ ತಂತಮ್ಮ ಬಯಕೆಗೆ, ಒಬ್ಬರನ್ನೊಬ್ಬರು ಅರಿತು, ಗೆರೆ ಎಳೆದುಕೊಂಡರು.

ದಂಪತಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಗಂಡನ ಬೈಕು ದುಂದುಗಾರಿಕೆಯಾಗಿ ಕಾಣುವ ಕಣ್ಣಿಗೆ ಕಪಾಟಿನಲ್ಲಿ ಮಡಿಕೆ ಬಿಚ್ಚದ ಹನ್ನೆರಡು ಸೀರೆಗಳು ಕಾಣುವುದಿಲ್ಲ. ಹೆಂಡತಿಯ ಒಡವೆಯನ್ನು ಲೆಕ್ಕಹಾಕುವ ನಾಲಿಗೆ ತನ್ನ ಕ್ಯಾಮೆರಾದ ಲೆಕ್ಕಕ್ಕೆ ಬಂದಾಗ ತೊದಲುತ್ತದೆ. ಸಂಗಾತಿಯ ಹವ್ಯಾಸವನ್ನು ಬಂಧುಗಳೆದುರು ಹೀಯಾಳಿಸುವುದರಿಂದ ಖರ್ಚು ನಿಲ್ಲುವುದಿಲ್ಲ, ಮುಚ್ಚಿಡುವ ಅಭ್ಯಾಸ ಮಾತ್ರ ಬೆಳೆಯುತ್ತದೆ. ಅಳತೆಗೋಲು ಒಂದೇ ಇರಬೇಕು. ಅದು ಮೊದಲು ತನ್ನ ಕಪಾಟನ್ನು ಅಳೆಯಬೇಕು.

ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿರುವ ‘ಪುಸ್ತಕ ಮನೆ’ಯನ್ನು ಬಲ್ಲವರು ಇಲ್ಲೊಂದು ಮಾತನ್ನು ಎತ್ತಬಹುದು. ಬಸ್ ಕಂಡಕ್ಟರಾಗಿ, ಬಳಿಕ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಅಂಕೇಗೌಡರು ಸಂಬಳದ ಬಹುಭಾಗವನ್ನು ಪುಸ್ತಕಗಳಿಗೆ ಸುರಿದರು, ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಇದು ಅತಿಸಂಗ್ರಹವಲ್ಲವೇ? ಉತ್ತರವನ್ನು ಆ ಮನೆಯ ಬಾಗಿಲಲ್ಲಿ ಹುಡುಕಬೇಕು. ಅಲ್ಲಿ ಕೂಡಿದ ಲಕ್ಷಾಂತರ ಪುಸ್ತಕಗಳು ಬಂದವರೆಲ್ಲರ ಓದಿಗೆ ತೆರೆದಿವೆ. ಪತ್ನಿ ಮತ್ತು ಮಗ ಆ ಪುಸ್ತಕಗಳ ನಡುವೆಯೇ ಬಾಳುತ್ತ ಅವರ ಕೆಲಸಕ್ಕೆ ಹೆಗಲು ಕೊಟ್ಟಿದ್ದಾರೆ. ಮನೆಯವರು ಅರಿತು ಕೂಡಿಕೊಂಡ, ಊರಿಗೆ ತೆರೆದ ಸಂಗ್ರಹ ಜ್ಞಾನದಾನವಾಗುತ್ತದೆ. ಬೀಗ ಹಾಕಿ, ಬೆಲೆ ಮುಚ್ಚಿ, ಒಬ್ಬರೇ ನೋಡಿ ಹಿಗ್ಗುವ ಸಂಗ್ರಹಕ್ಕೆ ಆ ಹೆಸರನ್ನು ಕೊಡಲಾಗದು. ಆದರೂ ಎಲ್ಲ ಸಂಸಾರಗಳೂ ಅಷ್ಟನ್ನು ತಾಳಲಾರವು. ಒಂದು ಮನೆ ಮನಸಾರೆ ಹೊತ್ತ ಭಾರವನ್ನು ಮತ್ತೊಂದು ಮನೆಯ ಮೇಲೆ ಹೇರಲು ಅದನ್ನು ನೆಪಮಾಡಬಾರದು.

ಆಚರಣೆಯ ದಾರಿಯನ್ನೂ ಸಮಂತಭದ್ರರೇ ಸುಲಭಗೊಳಿಸಿದ್ದಾರೆ. ಭೋಗೋಪಭೋಗಗಳ ಮಿತಿಯನ್ನು ಹೇಳುವಾಗ ಅವರು ಬಾಳಿನುದ್ದಕ್ಕೂ ಪಾಲಿಸುವುದನ್ನು ಯಮವೆಂದೂ ಕಾಲಾವಧಿಯಿಟ್ಟು ಪಾಲಿಸುವುದನ್ನು ನಿಯಮವೆಂದೂ ಕರೆದರು. ದಂಪತಿಗಳು ನಿಯಮದಿಂದ ಆರಂಭಿಸಬಹುದು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ದಿನಗಳು ಒಂದರ ಹಿಂದೊಂದು ಬರುತ್ತವೆ. ಆ ದಿನ ಸಂಜೆ ಗಂಡಹೆಂಡಿರು ಕಾಗದ ಹಿಡಿದು ಕೂರಲಿ. ಬರುವ ಆದಾಯ, ಮನೆ ಖರ್ಚು, ಮಕ್ಕಳ ಓದು, ಹಿರಿಯರ ಔಷಧ, ಆಪತ್ಕಾಲದ ಉಳಿತಾಯ, ದಾನ ಇವುಗಳನ್ನು ಮೊದಲು ಬರೆಯಲಿ. ಉಳಿದುದರಲ್ಲಿ ಇಬ್ಬರ ಹವ್ಯಾಸಕ್ಕೂ ಸಮನಾದ ಮೊತ್ತವನ್ನು ಮುಂದಿನ ಪರ್ವದವರೆಗೆ ಗೊತ್ತುಮಾಡಲಿ. ಆ ಮೊತ್ತದೊಳಗೆ ಕೊಂಡುದಕ್ಕೆ ಒಬ್ಬರು ಇನ್ನೊಬ್ಬರನ್ನು ಪ್ರಶ್ನಿಸುವುದು ಬೇಡ. ಅದನ್ನು ಮೀರುವುದಾದರೆ ಇಬ್ಬರ ಒಪ್ಪಿಗೆಯಿಲ್ಲದೆ ಹೆಜ್ಜೆ ಇಡುವುದು ಬೇಡ. ಹೊಸದೊಂದು ಬಂದರೆ ಹಳೆಯದೊಂದು ಮಾರಾಟಕ್ಕೋ ದಾನಕ್ಕೋ ಹೋಗಲಿ. ಸಾಲ ಮಾಡಿ ಸಂಗ್ರಹಿಸುವುದಿಲ್ಲವೆಂಬುದು ಮೊದಲ ಸಾಲಿನಲ್ಲಿಯೇ ಇರಲಿ. ಅಂಗಡಿಯ ಮುಂದೆ ನಿಂತು, ವಸ್ತುವನ್ನು ಕೈಯಲ್ಲಿ ಹಿಡಿದು ಎಳೆಯುವ ಗೆರೆ ಅಳಿಸಿಹೋಗುತ್ತದೆ. ಮನಸ್ಸು ತಿಳಿಯಾಗಿದ್ದಾಗ ಎಳೆದದ್ದು ನಿಲ್ಲುತ್ತದೆ.

ಬಯಕೆಗೆ ಗೆರೆ ಎಳೆದವರ ಕೈಯಲ್ಲಿ ದಾನಕ್ಕೆ ಹಣ ಉಳಿಯುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು. ಸಾವಿರವನ್ನೂ ತನ್ನ ಭಂಡಾರದಲ್ಲಿ ಇಟ್ಟುಕೊಳ್ಳಲು ಮಾಡಿಸಲಿಲ್ಲ. ನಾಡಿಗೆ ಹಂಚಲು ಮಾಡಿಸಿದಳು. ಅವಳು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲದಲ್ಲಿ ಗಂಗರ ರಾಜಧಾನಿ ಮಾನ್ಯಪುರ. ಗಂಗರ ಮಾರಸಿಂಹನ ಸೇನಾಪತಿ ಶ್ರೀವಿಜಯ ಅಲ್ಲಿ ಜಿನಾಲಯ ಕಟ್ಟಿಸಿದ್ದನ್ನು 797ರ ತಾಮ್ರಶಾಸನ ಹೇಳುತ್ತದೆ. ಆ ಸೇನಾಪತಿಯ ಮನೆಯಲ್ಲಿ ಎಷ್ಟು ಕುದುರೆ, ಎಷ್ಟು ಕತ್ತಿ, ಎಷ್ಟು ಒಡವೆ ಇದ್ದವೆಂದು ಇಂದು ಯಾರೂ ಕೇಳುವುದಿಲ್ಲ. ಕೂಡಿಟ್ಟದ್ದು ಕಾಲದೊಡನೆ ಹೋಯಿತು, ಕೊಟ್ಟದ್ದು ತಾಮ್ರದಲ್ಲಿ ಉಳಿಯಿತು.

ಅಕ್ಷಯ ತೃತೀಯೆ ಇಂದು ಚಿನ್ನ ಕೊಳ್ಳುವ ದಿನವಾಗಿ ಪ್ರಚಾರ ಪಡೆದಿದೆ. ಜೈನರಿಗೆ ಅದು ಹಸ್ತಿನಾಪುರದ ಶ್ರೇಯಾಂಸ ರಾಜ ಆದಿನಾಥ ಸ್ವಾಮಿಗೆ ಕಬ್ಬಿನ ರಸದ ಆಹಾರವಿತ್ತ ದಿನ, ದಾನದ ಹಾದಿ ತೆರೆದ ದಿನ. ಅಂದು ಅಕ್ಷಯವಾದುದು ಬೊಗಸೆ ತುಂಬ ಕೊಟ್ಟ ರಸದ ಪುಣ್ಯ. ಮನೆಯಲ್ಲಿ ಅಕ್ಷಯವಾಗಬೇಕಾದುದು ಗಂಡಹೆಂಡಿರ ಪರಸ್ಪರ ವಿಶ್ವಾಸ. ಅದನ್ನು ಒತ್ತೆಯಿಟ್ಟು ತಂದ ವಸ್ತು ಎಷ್ಟೇ ಅಪರೂಪದ್ದಾಗಿರಲಿ, ಆ ಬೆಲೆಗೆ ಅದು ದುಬಾರಿಯೇ.