ಹಡಗಿನ ಕೆಳ ಅಂತಸ್ತಿನ ನಮ್ಮವರು

ಚಳಿಗಾಲ ಬಂದೊಡನೆ ಹಿದ್ದ್‌ನ ಖಲೀಫಾ ಬಿನ್ ಸಲ್ಮಾನ್ ಬಂದರಿಗೆ ಕ್ರೂಸ್ ಹಡಗುಗಳ ಆಗಮನವೂ ಆರಂಭವಾಗುತ್ತದೆ. ಬೆಳಿಗ್ಗೆ ಇಳಿದ ಪ್ರವಾಸಿಗರ ಬಸ್ಸುಗಳು ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ಬಾಬ್ ಅಲ್ ಬಹ್ರೈನ್ ಮಹಾದ್ವಾರವನ್ನೂ ಅರಸಿ ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಕಚೇರಿಗಳ ಆಸುಪಾಸಿನಲ್ಲೇ ಹಾದುಹೋಗುತ್ತವೆ. ನಮ್ಮ ಸಂಘದ ಕುಟುಂಬಗಳೂ ಮಕ್ಕಳ ರಜೆಯಲ್ಲಿ ದುಬೈಯಿಂದಲೋ ದೋಹಾದಿಂದಲೋ ಇಂತಹ ಹಡಗು ಹತ್ತುವುದು ಈಗ ಅಪರೂಪವೇನಲ್ಲ. ಮರಳಿದವರ ಮಾತಿನಲ್ಲಿ ಈಜುಕೊಳ, ನಾಟಕಶಾಲೆ, ನಡುರಾತ್ರಿಯಲ್ಲೂ ಮುಗಿಯದ ಊಟ ಇವೆಲ್ಲ ಬರುತ್ತವೆ. ಆ ಊಟ ಬಡಿಸಿದ ಹುಡುಗ ಕಾರವಾರದವನೋ ಮಂಗಳೂರಿನವನೋ ಎಂಬುದು ಮಾತ್ರ ವಿರಳವಾಗಿ ಬರುತ್ತದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ 'ಮಗ ಹಡಗಿನಲ್ಲಿದ್ದಾನೆ' ಎಂಬ ಮಾತು 'ಗಲ್ಫಿನಲ್ಲಿದ್ದಾನೆ' ಎಂಬುದರಷ್ಟೇ ಸಾಮಾನ್ಯ. ಅವನ ವಿಷಯದಲ್ಲಿ ನಮ್ಮ ಸಂಘಕ್ಕೆ ಒಂದು ಕರ್ತವ್ಯವಿದೆಯೆಂದು ವಾದಿಸುವುದಕ್ಕಾಗಿ ಈ ಲೇಖನ.

ಬಂದರಿಲ್ಲದ ದಿನ, ಅಂದರೆ ನಾಲ್ಕು ದಿಕ್ಕಿಗೂ ನೀರೇ ಇರುವ ದಿನ, ಪ್ರಯಾಣಿಕನಿಗೆ ಸಂಪೂರ್ಣ ವಿರಾಮ. ಸಿಬ್ಬಂದಿಗೆ ಅದೇ ಅತಿ ಭಾರದ ದಿನ. ಬಂದರಿನಲ್ಲಿ ಜನ ಇಳಿದುಹೋದರೆ ಊಟದ ಮನೆ ಸ್ವಲ್ಪವಾದರೂ ಬರಿದಾಗುತ್ತದೆ. ನಡುಗಡಲಿನಲ್ಲಿ ಎಲ್ಲರೂ ಒಳಗೇ ಇರುತ್ತಾರೆ, ಎಲ್ಲರಿಗೂ ಹಸಿವೆ ಹೆಚ್ಚು. ಅಟ್ಲಾಂಟಿಕ್ ದಾಟುವಾಗ ಇಂತಹ ದಿನಗಳು ಒಂದು ವಾರದವರೆಗೂ ಸಾಲಾಗಿ ಬರುತ್ತವೆ. ಹಡಗು ಪೂರ್ವಕ್ಕೆ ಸಾಗುತ್ತಿದ್ದರೆ ಗಡಿಯಾರವನ್ನು ಮತ್ತೆ ಮತ್ತೆ ಒಂದೊಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಪ್ರಯಾಣಿಕ ಬೆಳಿಗ್ಗೆ ತಡವಾಗಿ ಏಳುತ್ತಾನೆ. ಉಪಾಹಾರ ಸಿದ್ಧಪಡಿಸಬೇಕಾದವನ ನಿದ್ರೆಯಲ್ಲಿ ಆ ಒಂದು ಗಂಟೆ ಕಡಿತವಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 2006ರ ಸಾಗರ ಕಾರ್ಮಿಕ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂದಿತು. ಭಾರತವು 2015ರಲ್ಲಿ ಅದನ್ನು ಅನುಮೋದಿಸಿತು. ಅದರಂತೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡಾದರೂ 6 ಗಂಟೆಗಳಷ್ಟಿರಬೇಕು. ಅಂದರೆ ಕಾನೂನಿನ ಪ್ರತಿ ಅಕ್ಷರವನ್ನೂ ಪಾಲಿಸಿದ ಹಡಗಿನಲ್ಲೇ ಒಬ್ಬನಿಗೆ ಒಂದೇ ಸಮನೆ ಸಿಗುವುದು ಆರು ಗಂಟೆ. ಸ್ನಾನ, ಬಟ್ಟೆ ಒಗೆಯುವುದು, ಮನೆಗೆ ಫೋನು, ನಿದ್ರೆ ಎಲ್ಲವೂ ಅದರೊಳಗೆ. ಹೀಗೆ ತಿಂಗಳುಗಟ್ಟಲೆ, ಬಹುಮಟ್ಟಿಗೆ ವಾರದ ರಜೆಯೂ ಇಲ್ಲದೆ. ಮಲಗುವುದು ಕೆಳ ಅಂತಸ್ತಿನಲ್ಲಿ, ಅನೇಕ ವೇಳೆ ಕಿಟಕಿಯಿಲ್ಲದ, ಇಬ್ಬರು ಹಂಚಿಕೊಂಡ ಕೋಣೆಯಲ್ಲಿ.

ವೈದ್ಯರಾದ ನಮ್ಮನ್ನು ಹೆಚ್ಚು ಕಾಡುವುದು ಈ ಕೋಣೆ. 2020ರ ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ ತಡೆಹಿಡಿಯಲಾದ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಯಾರೂ ಮರೆತಿರಲಾರರು. ಅದರಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಕೋವಿಡ್ ಸೋಂಕು ತಗಲಿತು. ಭಾರತೀಯರು 138 ಮಂದಿ, ಅವರಲ್ಲಿ 132 ಜನ ಸಿಬ್ಬಂದಿಯವರು. ನಮ್ಮ ಕಾರವಾರದವರೂ ಇದ್ದರು. ಪ್ರಯಾಣಿಕರನ್ನು ಕೋಣೆಗಳಲ್ಲಿ ಉಳಿಸಿದಾಗ ಅವರ ಬಾಗಿಲಿಗೆ ಊಟ ಒಯ್ದವರು ಯಾರು? ಮೊದಲು ಸೋಂಕು ದೃಢಪಟ್ಟ 20 ಸಿಬ್ಬಂದಿಯಲ್ಲಿ 15 ಮಂದಿ ಆಹಾರ ವಿಭಾಗದವರು, 16 ಮಂದಿಯ ಕೋಣೆಗಳು ಒಂದೇ ಅಂತಸ್ತಿನಲ್ಲಿದ್ದವು. ದಿಗ್ಬಂಧನವೆಂಬುದು ಮೇಲಿನವರಿಗೆ ಮಾತ್ರ ಸಾಧ್ಯವಾಯಿತು.

ಸಾಮಾನ್ಯ ದಿನಗಳಲ್ಲಿ ಇದೇ ಕಥೆಯನ್ನು ನೊರೋವೈರಸ್ ನಡೆಸುತ್ತದೆ. ವಾಂತಿಭೇದಿ ತರುವ ಈ ವೈರಾಣುವಿನ ಕೆಲವೇ ಕಣಗಳು ಸೋಂಕಿಗೆ ಸಾಕು. ಊಟದ ಮನೆಯ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ನಡೆಯದು; ಸಾಬೂನು, ನೀರು ಬೇಕು. ರಜೆ ಹಾಳಾದೀತೆಂದು, ಕೋಣೆಯಲ್ಲೇ ಉಳಿಯಬೇಕಾದೀತೆಂದು, ಹಡಗಿನ ವೈದ್ಯರ ಶುಲ್ಕಕ್ಕೆ ಹೆದರಿ ಎಷ್ಟೋ ಪ್ರಯಾಣಿಕರು ಭೇದಿಯನ್ನು ಮುಚ್ಚಿಡುತ್ತಾರೆ. ಆ ಶೌಚಾಲಯವನ್ನು ತೊಳೆಯುವವನಿಗೆ ಎಚ್ಚರಿಕೆ ಸಿಗುವುದಿಲ್ಲ. ರಜೆಗೆ ಹೊರಡುವ ನಮ್ಮ ಸದಸ್ಯರಲ್ಲಿ ಇದೊಂದು ನೇರ ಬಿನ್ನಹ: ಮಗುವಿಗೆ ವಾಂತಿಯಾದರೆ ತಕ್ಷಣ ತಿಳಿಸಿರಿ. ಇನ್ನು ಬಡಿಸುವವನು ಊರಿನವನೆಂದು ತಿಳಿದಾಗ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ನಾಲ್ಕು ಮಾತಾಡಿರಿ, ಆದರೆ ಅವನ ವಂಶಾವಳಿಯನ್ನು ಕೆದಕುತ್ತ ಅರ್ಧ ಗಂಟೆ ನಿಲ್ಲಿಸಬೇಡಿರಿ. ಅವನಿಗೆ ಇನ್ನೂ ಹತ್ತು ಮೇಜುಗಳಿವೆ.

ಸಿಬ್ಬಂದಿಯೂ ಕಾಯಿಲೆಯನ್ನು ಮುಚ್ಚಿಡುವುದುಂಟು, ಆದರೆ ಕಾರಣ ಬೇರೆ. ಅವರಿಗೆ ಹಡಗಿನಲ್ಲಿ ಚಿಕಿತ್ಸೆ ಉಚಿತವೇ. ಆದರೂ ಬೆನ್ನುನೋವು, ಏರಿದ ರಕ್ತದೊತ್ತಡ, ನಿದ್ರೆ ಬಾರದ ರಾತ್ರಿಗಳು ದಾಖಲೆಗೆ ಬಂದರೆ ಅರ್ಧದಲ್ಲೇ ಮನೆಗೆ ಕಳುಹಿಸಿಯಾರು, ಮುಂದಿನ ಒಪ್ಪಂದದ ವೈದ್ಯಕೀಯ ಪರೀಕ್ಷೆಯಲ್ಲಿ ತಡೆ ಬಂದೀತು ಎಂಬ ಅಂಜಿಕೆ. ಮನೆಯಲ್ಲಿ ತಂಗಿಯ ಮದುವೆಯ ಸಾಲವಿದ್ದವನು ನೋವಿನ ಮಾತ್ರೆ ನುಂಗಿ ದುಡಿಯುತ್ತಾನೆ. ಅವನ ಮಾತು ಕೇಳಲು ಕಂಪನಿಯ ಹೊರಗಿನ ಒಬ್ಬ ವೈದ್ಯ ಬೇಕು, ಅದೂ ಅವನ ಭಾಷೆಯವನಾಗಿದ್ದರೆ ಲೇಸು.

ಅವರು ತಾವೇ ಆರಿಸಿಕೊಂಡ ಉದ್ಯೋಗ, ಸಂಬಳವೂ ಬರುತ್ತದೆ, ನಮಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ನಾವೂ ಆರಿಸಿಕೊಂಡೇ ಬಂದವರು. ಈ ದ್ವೀಪಕ್ಕೆ ಹಿಂದೆ ಜನ ಬಂದದ್ದು ಮುಂಬಯಿಯಿಂದ ಬಸ್ರಾವರೆಗೆ ಓಡಾಡುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ: ದುಮ್ರಾ, ದ್ವಾರಕಾ, ದಾರಾ, ದರೇಸಾ. ಬಡವರ ಪಾಲಿಗೆ ಡೆಕ್ಕಿನ ಟಿಕೆಟ್ಟು, ಅಲ್ಲೇ ಹಾಸಿಗೆ ಬಿಚ್ಚಿ ಮಲಗುವುದು. 1961ರ ಏಪ್ರಿಲ್ 8ರಂದು ದುಬೈ ಸಮೀಪ ದಾರಾ ಸ್ಫೋಟಗೊಂಡು ಹೊತ್ತಿ ಉರಿದಾಗ 238 ಜನ ಸತ್ತರು. ದ್ವಾರಕಾ 1982ರವರೆಗೂ ಓಡಿತು. ಆ ಹಡಗುಗಳಿಂದ ಪೆಟ್ಟಿಗೆ ಹೊತ್ತು ಇಳಿದವರಿಗೆ ಮನಾಮದಲ್ಲಿ ಯಾರೋ ಒಬ್ಬರು ಮೊದಲ ದಿನ ಅನ್ನ ಹಾಕಿದ್ದರಿಂದಲೇ ಇಲ್ಲಿ ನಮ್ಮಂಥವರ ನೆಲೆಯಾದದ್ದು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಸೂಚನೆ ಇದು. ಹಡಗು ಬರುವ ದಿನಗಳ ವೇಳಾಪಟ್ಟಿ ಮೊದಲೇ ತಿಳಿದಿರುತ್ತದೆ. ಅಂದು ನೆಲಕ್ಕಿಳಿಯಲು ಅನುಮತಿ ದೊರೆತ ಸಿಬ್ಬಂದಿಗೆ ಸಿಗುವ ಎರಡು ಮೂರು ಗಂಟೆಗಳಲ್ಲಿ ಕುಳಿತುಕೊಳ್ಳಲು ಒಂದು ತಂಪಾದ ಜಾಗ, ಮನೆಯವರ ಮುಖ ನೋಡಲು ವೈಫೈ, ಕುಚ್ಚಲಕ್ಕಿ ಅನ್ನ, ಸಾರು, ಉಪ್ಪಿನಕಾಯಿ. ಬಂದರಿನಿಂದ ಕರೆತಂದು ಸಮಯಕ್ಕೆ ಸರಿಯಾಗಿ ಮರಳಿಸಲು ಎರಡು ಕಾರು. ಹಾರ, ಶಾಲು, ಸ್ವಾಗತ ಭಾಷಣ ಮತ್ತು ಗುಂಪು ಛಾಯಾಚಿತ್ರ ದಯವಿಟ್ಟು ಬೇಡ. ಅವರಲ್ಲಿ ಅರ್ಧ ಜನ ಮೂಲೆಯಲ್ಲಿ ಫೋನು ಹಿಡಿದು ಕುಳಿತರೂ, ಉಳಿದವರು ನಿದ್ರಿಸಿದರೂ ಬೇಸರಪಡಬಾರದು. ಪಕ್ಕದ ಕೋಣೆಯಲ್ಲಿ ಸಂಘದ ವೈದ್ಯರಾದ ನಾವು ಸರದಿಯಂತೆ ಕೂರುತ್ತೇವೆ. ಹೆಸರು ಬರೆಯುವುದಿಲ್ಲ, ಕಂಪನಿಗೆ ತಿಳಿಸುವುದಿಲ್ಲ. ಸಾಂಕ್ರಾಮಿಕವೆಂದು ಕಂಡರೆ ಮಾತ್ರ ಹಡಗಿನ ವೈದ್ಯರ ಬಳಿಗೆ ಹೋಗಲೇಬೇಕೆಂದು ಅವನಿಗೆ ಒತ್ತಿ ಹೇಳುತ್ತೇವೆ.

ಬಂದರಿನ ಅಧಿಕಾರಿಗಳ ಒಪ್ಪಿಗೆಯನ್ನು ಸಮಿತಿಯೇ ಕೇಳಬೇಕು. ಅಡುಗೆಗೆ ಆರು ಕುಟುಂಬಗಳು, ಕಾರಿಗೆ ನಾಲ್ವರು ಮುಂದೆ ಬಂದರೆ ನವೆಂಬರ್‌ನಿಂದಲೇ ಆರಂಭಿಸಬಹುದು. ಹಡಗುಗಳು ಬಹುಪಾಲು ವಾರದ ನಡುವೆ ಬಂದರೆ ಕಚೇರಿಗೆ ಹೋಗುವವರಿಗೆ ತೊಡಕಾದೀತು. ಆಗ ರಾತ್ರಿಪಾಳಿಯ ಸದಸ್ಯರನ್ನೂ ನಿವೃತ್ತ ಹಿರಿಯರನ್ನೂ ಕೇಳಿಕೊಳ್ಳಬೇಕಾಗುತ್ತದೆ.