ಗಿರಾಕಿಯ ಗುರುತು, ಮೊಬೈಲಿನ ವಿಳಾಸ

ಪ್ರತಿಯೊಂದು ಪೇಟೆಗೂ ಜನರ ಮನಸ್ಸಿನಲ್ಲಿ ಒಂದು ನಕ್ಷೆಯಿರುತ್ತದೆ. ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ಎಷ್ಟು ದೂರ, ಯಾವ ಗುಡಿಯ ಎದುರು, ಯಾರ ಅಂಗಡಿಯ ಪಕ್ಕ ಎಂಬುದೇ ಅದರಲ್ಲಿನ ವಿಳಾಸ. ಹನೂರು, ಯಳಂದೂರುಗಳಿಂದ ಬರುವ ಹಳೆಯ ಗಿರಾಕಿಗೆ ಅಷ್ಟೇ ಸಾಕು.

ಆದರೆ ರೇಷ್ಮೆ ಸೀರೆಗಾಗಿ ದೂರದಿಂದ ಬರುವವರು, ಮಲೆ ಮಹದೇಶ್ವರ ಬೆಟ್ಟಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ತೆರಳುವ ಯಾತ್ರಿಕರು ಮೊಬೈಲ್ ನಕ್ಷೆಯನ್ನೇ ನಂಬುತ್ತಾರೆ. ಅದರಲ್ಲಿ ಕಾಣದ ಮಳಿಗೆ ಅವರ ಪಾಲಿಗೆ ಇಲ್ಲವೆಂದೇ ಅರ್ಥ. ಕಂಡರೂ ಸಾಲದು. ಫಲಕದಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು, 2016ರಲ್ಲಿ ಆರಂಭವಾದ ಯುಪಿಐ ಪಾವತಿಯ ಪರದೆಯಲ್ಲಿ ಮತ್ತೊಂದು ಹೆಸರು ಕಂಡಾಗ ಅಪರಿಚಿತ ಗ್ರಾಹಕ ಹಣ ಕಳುಹಿಸಲು ಅನುಮಾನಿಸುವುದು ಸಹಜ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದು. ಅಲ್ಲಿನ ವರ್ತಕರ ರಸೀದಿಯಲ್ಲಿ ಇನ್ನೂ ‘ಕೊಳ್ಳೇಗಾಲ ತಾಲ್ಲೂಕು’ ಎಂದೇ ಇದ್ದರೆ ಸರಕು ದಾರಿ ತಪ್ಪಲು ಅದೂ ಕಾರಣವಾದೀತು.

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಹೊರತಂದ ಡಿಜಿಪಿನ್, ಸುಮಾರು 4 ಮೀಟರ್ ಚೌಕದ ಪ್ರತಿಯೊಂದು ಜಾಗಕ್ಕೂ 10 ಅಕ್ಷರಾಂಕಿಗಳ ಸಂಕೇತ ನೀಡುತ್ತದೆ. ಸಂಕೇತವು ಸ್ಥಳವನ್ನು ತೋರಿಸೀತೇ ವಿನಾ ನಂಬಿಕೆಯನ್ನು ಹುಟ್ಟಿಸಲಾರದು. ಆದ್ದರಿಂದ ಫಲಕ, ಬಿಲ್ಲು, ಪಾವತಿ, ನಕ್ಷೆ ನಾಲ್ಕರಲ್ಲೂ ಒಂದೇ ಹೆಸರಿರಲಿ. ವಿಳಾಸದ ಜೊತೆಗೆ ಊರವರು ಬಲ್ಲ ಗುರುತೂ ಕನ್ನಡದಲ್ಲಿರಲಿ. ಇದಕ್ಕೆ ಬಂಡವಾಳ ಬೇಕಿಲ್ಲ, ಒಂದು ದಿನದ ಗಮನ ಸಾಕು. ಮೊದಲ ಸಲ ಬರುವ ಗಿರಾಕಿಗೆ ದಾರಿ ತೋರಿಸುವುದೂ ವ್ಯಾಪಾರಧರ್ಮವೇ.